ಅರಸರ ಉಪ್ಪರಿಗೆ, ಎಲ್ಲರ ನೋಟ

ಬದನವಾಳಿನಿಂದ ನಂಜನಗೂಡು ದಾಟಿ ಮೈಸೂರಿಗೆ ಬರುವವರಿಗೆ ಊರಿಗಿಂತ ಮೊದಲು ಕಾಣುವುದು ಚಾಮುಂಡಿಬೆಟ್ಟ. ಈ ಬೆಟ್ಟವನ್ನು ನೋಡುವುದಕ್ಕೂ, ಅದರ ಮೇಲೆ ನಿಂತು ಊರನ್ನು ನೋಡುವುದಕ್ಕೂ ಮೈಸೂರಿನ ಒಡೆಯರು ಕಟ್ಟಡಗಳಲ್ಲಿ ಅನುವು ಮಾಡಿಸಿಕೊಂಡಿದ್ದರು.

ಮರದ ಹಳೆಯ ಅರಮನೆ 1897ರಲ್ಲಿ ಬೆಂಕಿಗೆ ಆಹುತಿಯಾದ ಮೇಲೆ ಹೆನ್ರಿ ಇರ್ವಿನ್ ಹೊಸ ಅರಮನೆಯ ನಕ್ಷೆ ರೂಪಿಸಿದರು. 1912ರಲ್ಲಿ ಅದು ಪೂರ್ಣಗೊಂಡಿತು. ಮಹಡಿಯ ಮೇಲಿನ ದರ್ಬಾರ್ ಸಭಾಂಗಣಕ್ಕೆ ಮುಂಭಾಗದಲ್ಲಿ ಗೋಡೆಯೇ ಇಲ್ಲ. ಕಮಾನುಗಳ ಸಾಲು ಮಾತ್ರ. ಅಲ್ಲಿ ಕುಳಿತ ಅರಸರಿಗೆ ಮೈದಾನದ ಜನರೂ ಆಚೆಗಿನ ಬೆಟ್ಟವೂ ಕಾಣುತ್ತಿದ್ದರೆ, ಕೆಳಗೆ ನಿಂತ ಜನರಿಗೆ ಅರಸರು ಕಾಣುತ್ತಿದ್ದರು. ಬೆಟ್ಟದ ಮೇಲಿನ ಬೇಸಿಗೆ ಅರಮನೆ ರಾಜೇಂದ್ರವಿಲಾಸದಿಂದ ಕಾಣುವುದು ಕೆಳಗೆ ಹರಡಿಕೊಂಡ ಇಡೀ ಮೈಸೂರು.

ಇನ್ನೊಂದು ಲಲಿತಮಹಲ್. ವೈಸ್‌ರಾಯ್ ಅವರ ವಾಸ್ತವ್ಯಕ್ಕೆಂದು ನಾಲ್ವಡಿ ಕೃಷ್ಣರಾಜ ಒಡೆಯರು 1921ರಲ್ಲಿ ಇದಕ್ಕೆ ಅಡಿಗಲ್ಲು ಹಾಕಿದರು. ವಾಸ್ತುಶಿಲ್ಪಿ ಮುಂಬಯಿಯ ಇ. ಡಬ್ಲ್ಯು. ಫ್ರಿಚ್ಲೆ. ಎತ್ತರದ ನೆಲದಲ್ಲಿ ಕಟ್ಟಿದ ಈ ಬಿಳಿಯ ಅರಮನೆಯ ಮೊಗಸಾಲೆಗೆ ಬಂದರೆ ಒಂದು ಬದಿಗೆ ಬೆಟ್ಟ, ಎದುರಿಗೆ ನಗರ. ಅತಿಥಿಗೆ ರಾಜ್ಯದ ಸೊಬಗನ್ನು ತೋರಿಸುವುದೂ ಸತ್ಕಾರದ ಒಂದು ಭಾಗವೇ ಆಗಿತ್ತು. 1974ರಲ್ಲಿ ಇದು ಹೋಟೆಲ್ ಆಯಿತು.

ಕೇವಲ ನೋಟಕ್ಕಾಗಿಯೇ ಕಟ್ಟಿದ್ದೆಂದರೆ ಮಡಿಕೇರಿಯ ರಾಜಾಸೀಟು. ನಾಲ್ಕು ಕಂಬ, ಅವುಗಳನ್ನು ಕೂಡಿಸುವ ಕಮಾನು. ಇಷ್ಟೇ ಈ ಪುಟ್ಟ ಮಂಟಪ. ಕೊಡಗಿನ ಅರಸರು ಇಲ್ಲಿ ಕುಳಿತು ಕಣಿವೆಯಾಚೆ ಮುಳುಗುವ ಸೂರ್ಯನನ್ನು ನೋಡುತ್ತಿದ್ದರೆಂದು ಪ್ರತೀತಿ. 1834ರಲ್ಲಿ ಬ್ರಿಟಿಷರು ಚಿಕ್ಕವೀರರಾಜೇಂದ್ರನನ್ನು ಪದಚ್ಯುತಗೊಳಿಸಿದಾಗ ಆ ಆಳ್ವಿಕೆ ಕೊನೆಗೊಂಡಿತು. ಅರಸರ ಪೀಠ ಇಂದು ಪ್ರವಾಸಿಗರದು, ಸಂಜೆ ಮಕ್ಕಳೊಡನೆ ಬಂದು ಕೂರುವ ಊರಿನವರದು.

ಹೀಗೆ ಒಬ್ಬರಿಗೆ ಮೀಸಲಾಗಿದ್ದ ನೋಟ ಎಲ್ಲರದಾಯಿತು. ಆದರೆ ಅದನ್ನು ಕಾಯುವ ಹೊಣೆ ಯಾರದು? ಲಲಿತಮಹಲ್ ಬಳಿ ಹೆಲಿಕಾಪ್ಟರ್ ಪ್ರವಾಸಕ್ಕಾಗಿ ಮರಗಳನ್ನು ಕಡಿಯುವ ಯೋಜನೆಗೆ 2021ರಲ್ಲಿ ಮೈಸೂರಿನ ಜನ ವಿರೋಧ ವ್ಯಕ್ತಪಡಿಸಿದರು. ಸರ್ಕಾರ ಅದನ್ನು ಕೈಬಿಟ್ಟಿತು. ಅದೇ ವರ್ಷದ ಮಳೆಗೆ ಚಾಮುಂಡಿಬೆಟ್ಟದ ನಂದಿ ರಸ್ತೆ ಕುಸಿಯಿತು.

ಪಾರಂಪರಿಕ ಕಟ್ಟಡವೆಂದರೆ ಗೋಡೆ, ಗುಮ್ಮಟಗಳಿಗೆ ಸುಣ್ಣಬಣ್ಣ ಬಳಿದು ಸುಮ್ಮನಾಗುವುದು ರೂಢಿ. ನೋಡುವುದಕ್ಕೆಂದೇ ಕಟ್ಟಿದ ಉಪ್ಪರಿಗೆಗೆ ಅಷ್ಟು ಸಾಲದು. ಎದುರಿನ ಬೆಟ್ಟ, ಮರ, ಬಯಲುಗಳೂ ಆ ಕಟ್ಟಡದ ಭಾಗವೇ ಎಂಬುದನ್ನು ಮರೆಯುವಂತಿಲ್ಲ.