ಗೋಡೆ ಒಡೆಯುವ ಮುನ್ನ: ಮನೆಯ ಮಾರ್ಪಾಡಿಗೆ ತಜ್ಞರ ನೆರವು

ಮುಂಬಯಿಯ ಚಿಕ್ಕ ಫ್ಲ್ಯಾಟುಗಳಲ್ಲಿ ವಾಸಿಸುವ ನಮಗೆಲ್ಲ ಅಡುಗೆಮನೆಯನ್ನು ತುಸು ಹಿಗ್ಗಿಸಬೇಕು, ನಡುಗೋಡೆಯನ್ನು ತೆಗೆದು ಹಜಾರವನ್ನು ವಿಶಾಲಗೊಳಿಸಬೇಕು ಎಂಬ ಆಸೆ ಸಹಜವೇ. ಆದರೆ ಬಹುಮಹಡಿ ಕಟ್ಟಡದಲ್ಲಿ ಗೋಡೆ ನಮ್ಮದಾಗಿದ್ದರೂ ಅದು ಹೊತ್ತಿರುವ ಭಾರ ನಮ್ಮೊಬ್ಬರದಲ್ಲ. 2013ರ ಸೆಪ್ಟೆಂಬರ್‌ನಲ್ಲಿ ಡಾಕ್‌ಯಾರ್ಡ್ ರೋಡ್ ಬಳಿ ಕುಸಿದ ಕಟ್ಟಡದಲ್ಲಿ 61 ಮಂದಿ, 2017ರ ಜುಲೈ 25ರಂದು ಘಾಟ್ಕೋಪರ್‌ನಲ್ಲಿ ಕುಸಿದ ಕಟ್ಟಡದಲ್ಲಿ 17 ಮಂದಿ ಅಸುನೀಗಿದರು. ಎರಡೂ ಪ್ರಕರಣಗಳಲ್ಲಿ ನೆಲ ಅಂತಸ್ತಿನಲ್ಲಿ ಮಾಡಿದ ಮಾರ್ಪಾಡುಗಳೇ ದುರಂತಕ್ಕೆ ಕಾರಣವೆಂಬ ಆರೋಪ ಕೇಳಿಬಂದಿತು. ನೆಲ ಅಂತಸ್ತಿನಲ್ಲಿ ಹೋಟೆಲು, ಅಂಗಡಿಗಳನ್ನು ನಡೆಸುತ್ತಿರುವ ನಮ್ಮ ಬಂಧುಗಳು ಇದನ್ನು ವಿಶೇಷವಾಗಿ ಗಮನಿಸಬೇಕು. ಮೇಲಿನ ಎಲ್ಲ ಮನೆಗಳ ಭಾರವೂ ಅಲ್ಲಿನ ಕಂಬಗಳಿಗೇ ಇಳಿಯುತ್ತದೆ.

ಭಾರ ಹೊರುವುದು ಯಾವುದು?

ಹಳೆಯ ಚಾಳುಗಳಲ್ಲಿ ಇಟ್ಟಿಗೆಯ ದಪ್ಪ ಗೋಡೆಗಳು ಹಾಗೂ ಮರದ ತೊಲೆಗಳೇ ಮಹಡಿಗಳನ್ನು ಹೊರುತ್ತವೆ. ಕಾಂಕ್ರೀಟ್ ಚೌಕಟ್ಟಿನ ಕಟ್ಟಡಗಳಲ್ಲಿ ಸ್ಲ್ಯಾಬಿನ ಭಾರ ತೊಲೆಗೆ, ತೊಲೆಯದು ಕಂಬಕ್ಕೆ, ಕಂಬದ್ದು ಅಡಿಪಾಯಕ್ಕೆ ಸಾಗುತ್ತದೆ. ನಡುವಣ ಇಟ್ಟಿಗೆ ಗೋಡೆ ಸಾಮಾನ್ಯವಾಗಿ ಮರೆಗೋಡೆ ಮಾತ್ರ. ಇತ್ತೀಚಿನ ಅನೇಕ ಗಗನಚುಂಬಿಗಳಲ್ಲಾದರೋ ಗೋಡೆಗಳೇ ಕಾಂಕ್ರೀಟಿನವು, ಅವನ್ನು ಮುಟ್ಟುವಂತಿಲ್ಲ. ಗೋಡೆಯನ್ನು ತಟ್ಟಿ ನೋಡಿ, ಇಲ್ಲವೇ ಅದರ ದಪ್ಪವನ್ನಷ್ಟೇ ಅಳೆದು ತೀರ್ಮಾನಿಸುವುದು ಅಪಾಯಕರ. ಮೂಲ ನಕ್ಷೆಯನ್ನು ನೋಡಿಯೇ ನಿರ್ಣಯಿಸಬೇಕು.

ಒಡೆಯುವುದಷ್ಟೇ ಅಲ್ಲ, ಸೇರಿಸುವುದೂ ಭಾರವೇ. ವಾಸದ ಕೋಣೆಗಳ ನೆಲವನ್ನು ಜನ ಮತ್ತು ಸಾಮಾನುಗಳಿಗಾಗಿ ಚದರ ಮೀಟರಿಗೆ ಸುಮಾರು 200 ಕಿಲೋ ಭಾರ ತಾಳುವಂತೆ ವಿನ್ಯಾಸಗೊಳಿಸುವುದು ಭಾರತೀಯ ಮಾನಕದ ಕ್ರಮ. ನೆಲವನ್ನು 10 ಸೆಂಟಿಮೀಟರ್ ಎತ್ತರಿಸಲು ಇಟ್ಟಿಗೆ ಚೂರು, ಗಾರೆ ತುಂಬಿದರೆ ಅದೇ ಚದರ ಮೀಟರಿಗೆ ಸುಮಾರು 170 ಕಿಲೋ ಆಗುತ್ತದೆ. ಒಂದೇ ಬದಿಯ ಆಧಾರದಿಂದ ಹೊರಚಾಚಿದ ಬಾಲ್ಕನಿಯ ತುದಿಯಲ್ಲಿ ಗೋಡೆ ಕಟ್ಟುವುದಂತೂ ಇನ್ನೂ ಅಪಾಯಕರ. ಅದರ ಮುಖ್ಯ ಸರಳುಗಳು ಮೇಲ್ಭಾಗದಲ್ಲಿರುವುದರಿಂದ ಹಳೆಯ ಟೈಲ್ಸ್ ಕೀಳುವಾಗಲೂ ಎಚ್ಚರಿಕೆ ಅಗತ್ಯ. ಪೈಪು ಹುದುಗಿಸಲು ಕಂಬ, ತೊಲೆಗಳನ್ನು ಕೊರೆಯಲೇಬಾರದು.

ಇಬ್ಬರು ತಜ್ಞರು, ಎರಡು ಹೊಣೆ

ಜಾಗದ ಬಳಕೆ, ಗಾಳಿ-ಬೆಳಕು, ನಕ್ಷೆ, ಪಾಲಿಕೆಯ ನಿಯಮಗಳು ಆರ್ಕಿಟೆಕ್ಟರ ಕ್ಷೇತ್ರ. 1972ರ ಆರ್ಕಿಟೆಕ್ಟ್ಸ್ ಕಾಯಿದೆಯನ್ವಯ ಅವರು ಕೌನ್ಸಿಲ್ ಆಫ್ ಆರ್ಕಿಟೆಕ್ಚರ್‌ನಲ್ಲಿ ನೋಂದಾಯಿತರಾಗಿರಬೇಕು. ಆ ನಕ್ಷೆಯನ್ನು ಕಟ್ಟಡ ತಾಳಬಲ್ಲುದೇ ಎಂದು ಲೆಕ್ಕ ಹಾಕಿ ಹೇಳುವವರು ಸ್ಟ್ರಕ್ಚರಲ್ ಇಂಜಿನಿಯರರು. ಕಾಂಕ್ರೀಟಿನ ಗಟ್ಟಿತನವನ್ನು ರಿಬೌಂಡ್ ಹ್ಯಾಮರ್‌ನಿಂದ, ಒಳಗಿನ ಬಿರುಕು ಟೊಳ್ಳುಗಳನ್ನು ಶ್ರವಣಾತೀತ ತರಂಗಗಳಿಂದ ಅವರು ಪರೀಕ್ಷಿಸಬಲ್ಲರು. ಸಮುದ್ರದ ಉಪ್ಪುಗಾಳಿಗೆ ಸರಳುಗಳು ತುಕ್ಕು ಹಿಡಿಯುವ ಈ ನಗರದಲ್ಲಿ ಇಂತಹ ಪರೀಕ್ಷೆ ಅನಗತ್ಯ ಖರ್ಚಲ್ಲ. "ಇಂಥ ನೂರು ಗೋಡೆ ಒಡೆದಿದ್ದೇವೆ" ಎಂಬ ಗುತ್ತಿಗೆದಾರರ ಭರವಸೆ ಇವರಿಬ್ಬರ ಸಹಿಗೆ ಸಮನಾಗದು.

ಅನುಸರಿಸಬೇಕಾದ ಕ್ರಮ

ಮೊದಲು ಸೊಸೈಟಿಯಿಂದ ಮೂಲ ನಕ್ಷೆಯನ್ನೂ ಹಿಂದಿನ ಸ್ಟ್ರಕ್ಚರಲ್ ಆಡಿಟ್ ವರದಿಯನ್ನೂ ಪಡೆಯಬೇಕು. ಮುಂಬಯಿ ಮಹಾನಗರ ಪಾಲಿಕೆ ಕಾಯಿದೆಯಂತೆ 30 ವರ್ಷ ದಾಟಿದ ಕಟ್ಟಡಗಳಿಗೆ ಸುಭದ್ರತೆಯ ತಪಾಸಣೆ ಕಡ್ಡಾಯ. ಬಳಿಕ ಇಂಜಿನಿಯರರು ಖುದ್ದಾಗಿ ಸ್ಥಳ ನೋಡಬೇಕು; ಅವರ ಅಭಿಪ್ರಾಯ ಲಿಖಿತವಾಗಿರಬೇಕು. ನಂತರವೇ ಸೊಸೈಟಿಯ ಅನುಮತಿ ಮತ್ತು ಪಾಲಿಕೆಯ ಮಂಜೂರಾತಿಗೆ ಅರ್ಜಿ. ಬಣ್ಣ, ಗಿಲಾವು ಮುಂತಾದ ಸಣ್ಣ ದುರಸ್ತಿಯ ಹೆಸರಿನಲ್ಲಿ ರಚನಾತ್ಮಕ ಬದಲಾವಣೆ ಮಾಡುವುದು ಕಾನೂನುಬಾಹಿರ.

ತಜ್ಞರೊಂದಿಗಿನ ಒಪ್ಪಂದದಲ್ಲಿ ಸಂಭಾವನೆಯ ಜೊತೆಗೆ ಅವರು ಯಾವ ಯಾವ ಹಂತದಲ್ಲಿ ಸ್ಥಳಕ್ಕೆ ಬರುವರೆಂಬುದೂ ನಮೂದಾಗಿರಲಿ. ಗೋಡೆ ತೆಗೆಯುವ ಮುನ್ನ ತಾತ್ಕಾಲಿಕ ಆಧಾರ ಕೊಡುವ ದಿನ, ಹೊಸ ತೊಲೆ ಕೂರಿಸುವ ದಿನ ಅವರು ಎದುರಿಗಿರುವುದು ಒಳಿತು. ಕೆಲಸದ ನಡುವೆ ಬಿರುಕು ಕಂಡರೆ, ಬಾಗಿಲುಗಳು ಇದ್ದಕ್ಕಿದ್ದಂತೆ ಬಿಗಿಯಾದರೆ ಕೂಡಲೇ ಕಾಮಗಾರಿ ನಿಲ್ಲಿಸಿ ಅವರನ್ನು ಕರೆಸಬೇಕು, ನೆರೆಯವರನ್ನೂ ಎಚ್ಚರಿಸಬೇಕು.

ಹೊಟ್ಟೆ ಬಟ್ಟೆ ಕಟ್ಟಿ ಕೊಂಡ ಮನೆಯನ್ನು ಚೆಂದಗಾಣಿಸುವ ಹಕ್ಕು ನಮಗುಂಟು. ನಮ್ಮ ಮೇಲಿನ ಮಹಡಿಯಲ್ಲಿ ಮಲಗುವ ಮಕ್ಕಳ ನೆಮ್ಮದಿಯ ನಿದ್ದೆಯೂ ನಮ್ಮ ಹೊಣೆಯೆಂಬುದನ್ನು ಮರೆಯದಿರೋಣ.