ಕೂದಲು ಕಸಿ ಕೈಕೊಟ್ಟಾಗ: ಸರಿಪಡಿಸುವ ಡಾಕ್ಟರನ್ನು ಆರಿಸುವುದು ಹೇಗೆ?

ಕೂದಲು ಕಸಿ ಮಾಡಿಸಿಕೊಂಡು ನಿರಾಶರಾದವರು ಎರಡನೇ ಡಾಕ್ಟರನ್ನು ಮೊದಲ ಸಲಕ್ಕಿಂತ ನಿಧಾನವಾಗಿ ಹುಡುಕಬೇಕು. ಕಸಿಗೆ ಬೇಕಾದ ಕೂದಲು ಹೊರಗಿನಿಂದ ಬರುವಂಥದ್ದಲ್ಲ. ಬೇರೆಯವರ ಕೂದಲಿನ ಬುಡವನ್ನು ನಮ್ಮ ದೇಹ ಒಪ್ಪುವುದಿಲ್ಲ. ನಮ್ಮದೇ ಹಿಂದಲೆಯಿಂದ ಬುಡ ಸಮೇತ ತೆಗೆದು ಮುಂದೆ ನೆಡಬೇಕು. ಹಾಗೆ ತೆಗೆದ ಜಾಗದಲ್ಲಿ ಅದು ಮತ್ತೆ ಹುಟ್ಟುವುದಿಲ್ಲ. ಮೊದಲ ಡಾಕ್ಟರು ಹಾಳು ಮಾಡಿದ್ದು ಹೋಯಿತು, ಎರಡನೆಯವರು ಖರ್ಚು ಮಾಡುವುದು ಉಳಿದದ್ದನ್ನು. ಅವರ ಕೈಯಲ್ಲೂ ಕೆಟ್ಟರೆ ಮೂರನೆಯವರಿಗೆ ಕೊಡಲು ಹೆಚ್ಚೇನೂ ಇರುವುದಿಲ್ಲ.

ಗಡಿ ಭಾಗದ ನಮ್ಮವರಿಗೆ ಇದರ ಜೊತೆ ಇನ್ನೊಂದು ತೊಡಕಿದೆ. ಹೊಸೂರಿನವರು ಬೆಂಗಳೂರಿಗೆ ಹೋಗುತ್ತಾರೆ, ಕಾಸರಗೋಡಿನವರು ಮಂಗಳೂರಿಗೋ ಕಲ್ಲಿಕೋಟೆಗೋ, ಜತ್ತದವರು ಸಾಂಗ್ಲಿ, ಪುಣೆಗೆ, ಆದವಾನಿಯವರು ಬಳ್ಳಾರಿಗೆ ಇಲ್ಲವೇ ಹೈದರಾಬಾದಿಗೆ. ರೋಗಿ ಒಂದು ರಾಜ್ಯದವನು, ಡಾಕ್ಟರು ಇನ್ನೊಂದು ರಾಜ್ಯದವರು, ಸಹಿ ಹಾಕಿದ ಕಾಗದ ಮಾತ್ರ ಇಂಗ್ಲಿಷಿನಲ್ಲಿ. ಹಾಗಾಗಿ ಡಾಕ್ಟರ ನೋಂದಣಿ ನೋಡುವುದು ಎಲ್ಲಿ, ದೂರು ಕೊಡುವುದು ಎಲ್ಲಿ ಎಂಬುದನ್ನೂ ಇಲ್ಲಿ ಸೇರಿಸಿದ್ದೇವೆ.

ನಿಜವಾಗಿಯೂ ಕೆಟ್ಟಿದೆಯೇ?

ನೆಟ್ಟ ಕೂದಲು ಎರಡರಿಂದ ನಾಲ್ಕು ವಾರಗಳಲ್ಲಿ ಉದುರುತ್ತದೆ. ಇದು ಸಹಜ. ಬುಡ ಒಳಗೆ ಉಳಿದಿದ್ದು ಮೂರು ನಾಲ್ಕು ತಿಂಗಳ ನಂತರ ಹೊಸದು ಬರಲು ಶುರುವಾಗುತ್ತದೆ. ಪೂರ್ತಿ ಫಲ ಕಾಣಲು 12 ತಿಂಗಳು ಬೇಕು. ನೆತ್ತಿಯ ಸುಳಿ ಭಾಗದಲ್ಲಿ ಕೆಲವರಿಗೆ 18 ತಿಂಗಳೂ ಹಿಡಿಯುತ್ತದೆ. ಐದನೇ ತಿಂಗಳಿಗೇ ಗಾಬರಿಯಾಗಿ ಬಂದವರಿಗೆ ಮತ್ತೊಂದು ಆಪರೇಷನ್ ದಿನಾಂಕ ಕೊಡುವ ಡಾಕ್ಟರನ್ನು ಅಲ್ಲೇ ಬಿಟ್ಟುಬಿಡಿ. ಆದರೆ ಕೀವು, ಜ್ವರ, ಹೆಚ್ಚುತ್ತಿರುವ ನೋವು ಅಥವಾ ತಲೆಯ ಚರ್ಮ ಕಪ್ಪಾಗುವುದು ಕಂಡರೆ ಒಂದು ದಿನವೂ ಕಾಯಬಾರದು.

ವರ್ಷ ಕಳೆದ ಮೇಲೂ ಸರಿಯಿಲ್ಲ ಎಂದರೆ ಏನು ಸರಿಯಿಲ್ಲ ಎಂಬುದನ್ನು ಬಿಡಿಸಿ ನೋಡಬೇಕು. ಕೂದಲು ವಿರಳವಾಗಿ ಬಂದಿರಬಹುದು. ಗೊಂಬೆಯ ತಲೆಯ ಹಾಗೆ ಕುಚ್ಚು ಕುಚ್ಚಾಗಿ ಎದ್ದಿರಬಹುದು. ಮುಂಗೂದಲ ಗೆರೆಯನ್ನು ಹಣೆಯ ತೀರಾ ಕೆಳಗೆ, ಸ್ಕೇಲು ಇಟ್ಟು ಎಳೆದ ಹಾಗೆ ಮಾಡಿರಬಹುದು. ಕೂದಲು ತಪ್ಪು ದಿಕ್ಕಿಗೆ ನಿಂತಿರಬಹುದು. ಹಿಂದಲೆಯಲ್ಲಿ ಹುಳು ತಿಂದ ಬಟ್ಟೆಯ ಹಾಗೆ ತೇಪೆ ತೇಪೆಯಾಗಿ ಬೋಳು ಕಾಣಬಹುದು, ಅಥವಾ ಅಗಲವಾದ ಹೊಲಿಗೆ ಗುರುತು ಉಳಿದಿರಬಹುದು. ಒಂದೊಂದಕ್ಕೂ ದುರಸ್ತಿ ಬೇರೆ.

ಇವೆಲ್ಲಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಇನ್ನೊಂದಿದೆ. ಕೂದಲು ಬಾರದಿರಲು ಡಾಕ್ಟರ ಕೈಯೇ ಕಾರಣವೋ, ಚರ್ಮದ ಕಾಯಿಲೆಯೋ? ಲೈಕನ್ ಪ್ಲಾನೋಪಿಲಾರಿಸ್‌ನಂಥ ಕಾಯಿಲೆಗಳು ಬುಡವನ್ನೇ ಒಳಗೊಳಗೆ ಸುಟ್ಟು ಕಲೆ ಮಾಡುತ್ತವೆ. ಕಾಯಿಲೆ ಜೀವಂತವಾಗಿರುವಾಗ ಎಷ್ಟು ಸಲ ನೆಟ್ಟರೂ ಹೋಗುತ್ತದೆ. ಅನುಮಾನ ಬಂದರೆ ಚರ್ಮದ ಸಣ್ಣ ಚೂರು ತೆಗೆದು ಬಯಾಪ್ಸಿಗೆ ಕಳಿಸಬೇಕು. ಭೂತಗನ್ನಡಿಯಂಥ ಡರ್ಮೋಸ್ಕೋಪ್ ಇಟ್ಟು ತಲೆ ನೋಡದೆ, ಫೋಟೋ ಮೇಲೆಯೇ ಬೆಲೆ ಹೇಳುವವರು ದುರಸ್ತಿ ಕೆಲಸಕ್ಕೆ ತಕ್ಕವರಲ್ಲ.

ಉಳಿದದ್ದನ್ನು ಎಣಿಸುವವರು

ಹಿಂದಲೆಯ ಕೂದಲು ಮುಂದೆ ನೆಟ್ಟರೂ ತನ್ನ ಗುಣ ಬಿಡುವುದಿಲ್ಲ ಎಂಬುದನ್ನು ನ್ಯೂಯಾರ್ಕಿನ ಡಾ. ನಾರ್ಮನ್ ಒರೆನ್‌ಟ್ರೈಕ್ 1959ರಲ್ಲಿ ಪ್ರಕಟಿಸಿದರು. ಇಂದಿನ ಕಸಿಯೆಲ್ಲ ನಿಂತಿರುವುದು ಇದರ ಮೇಲೆ. ಹಿಂದಲೆಯ ಈ ಜಾಗಕ್ಕೆ ಡಾಕ್ಟರುಗಳು ಡೋನರ್ ಏರಿಯಾ ಎನ್ನುತ್ತಾರೆ. ಅಲ್ಲಿ ಕೂದಲು ಒಂಟಿಯಾಗಿ ಬೆಳೆಯುವುದಕ್ಕಿಂತ ಎರಡು ಮೂರರ ಗುಂಪಾಗಿ ಬೆಳೆಯುವುದೇ ಹೆಚ್ಚು. ಒಂದು ಗುಂಪು ಎಂದರೆ ಒಂದು ಗ್ರಾಫ್ಟ್. ಸ್ಥೂಲವಾಗಿ ಅರ್ಧದಷ್ಟು ತೆಗೆಯುವವರೆಗೆ ಹೊರಗಿನವರಿಗೆ ತಿಳಿಯುವುದಿಲ್ಲ, ಅದರಾಚೆ ಹಿಂದಲೆಯೇ ಬೋಳಾಗಿ ಕಾಣುತ್ತದೆ. ಹೆಚ್ಚಿನ ಗಂಡಸರಲ್ಲಿ ಜೀವಮಾನಕ್ಕೆ ಸಿಗುವುದು ಸುಮಾರು 4000ದಿಂದ 6000 ಗ್ರಾಫ್ಟ್ ಎಂದು ಲೆಕ್ಕ.

ಈಗ ಲೆಕ್ಕ ಹಾಕಿ. 5000 ಸಿಗಬಹುದಾದ ತಲೆಯಿಂದ ಮೊದಲ ಸಲವೇ 3500 ತೆಗೆದಿದ್ದರೆ ಉಳಿದದ್ದು 1500. ಅದೂ ಮೊದಲ ಕೆಲಸ ಚೊಕ್ಕಟವಾಗಿದ್ದರೆ ಮಾತ್ರ. ಎಫ್‌ಯುಇ ಪದ್ಧತಿಯಲ್ಲಿ ಒಂದು ಮಿಲಿಮೀಟರಿನಷ್ಟು ಅಥವಾ ಅದಕ್ಕೂ ಸಣ್ಣ ಕೊರೆಯುವ ಸಾಧನದಿಂದ ಒಂದೊಂದೇ ಗುಂಪನ್ನು ತೆಗೆಯುತ್ತಾರೆ. ಕೈ ಪಳಗಿಲ್ಲದಿದ್ದರೆ ಬುಡ ಒಳಗೇ ತುಂಡಾಗುತ್ತದೆ. ಲೆಕ್ಕದ ಪುಸ್ತಕದಲ್ಲಿ 3500 ಎಂದಿದ್ದರೂ ತಲೆಯಿಂದ ಹೋದದ್ದು ಅದಕ್ಕಿಂತ ಹೆಚ್ಚು, ಬದುಕಿದ್ದು ಕಡಿಮೆ. ಕೆಲವೆಡೆ 3000 ಕೂದಲನ್ನೇ 3000 ಗ್ರಾಫ್ಟ್ ಎಂದು ಬಿಲ್ಲು ಮಾಡುವುದೂ ಉಂಟು.

ಆದ್ದರಿಂದ ದುರಸ್ತಿಗೆ ಒಳ್ಳೆಯ ಡಾಕ್ಟರ ಗುರುತು ಇದು: ಅವರು ಮೊದಲು ನೋಡುವುದು ಹಣೆಯನ್ನಲ್ಲ, ಹಿಂದಲೆಯನ್ನು. ಎಷ್ಟು ಉಳಿದಿದೆ, ಅದರಲ್ಲಿ ಎಷ್ಟು ಮುಟ್ಟಬಹುದು ಎಂದು ಸಂಖ್ಯೆಯಲ್ಲಿ ಹೇಳುತ್ತಾರೆ. ಇನ್ನು ಹತ್ತು ವರ್ಷಕ್ಕೆ ನಿಮ್ಮ ಸ್ವಂತ ಕೂದಲು ಎಷ್ಟು ಹೋಗಬಹುದೆಂದು ಮನೆಯ ಹಿರಿಯರ ತಲೆ ಕೇಳುತ್ತಾರೆ. ಮಿನಾಕ್ಸಿಡಿಲ್, ಫಿನಾಸ್ಟರೈಡ್ ಔಷಧಿಯಿಂದ ಇರುವುದನ್ನು ಉಳಿಸಿಕೊಳ್ಳುವ ಮಾತು ಎತ್ತುತ್ತಾರೆ. ಫಿನಾಸ್ಟರೈಡ್‌ನಿಂದ ಕೆಲವರಿಗೆ ಲೈಂಗಿಕ ತೊಂದರೆ ಆಗಬಹುದೆಂಬುದನ್ನೂ ಮುಚ್ಚಿಡದೆ ಹೇಳುತ್ತಾರೆ. ಕೆಲವರಿಗೆ ‘ಇನ್ನು ಬೇಡ’ ಎಂದೇ ಹೇಳಿ ಕಳಿಸುತ್ತಾರೆ. ಅಂಥ ಮಾತು ಕೇಳಿ ಬೇಸರಪಟ್ಟು ‘ಮಾಡಿಕೊಡುತ್ತೇವೆ’ ಎನ್ನುವ ಪಕ್ಕದ ಕ್ಲಿನಿಕ್ಕಿಗೆ ಹೋಗುವವರೇ ಹೆಚ್ಚು.

ದುರಸ್ತಿಯ ದಾರಿಗಳು

ಕುಚ್ಚಾಗಿ ಎದ್ದ ಕೂದಲನ್ನು ಸಣ್ಣ ಪಂಚಿನಿಂದ ತೆಗೆದು, ಬಿಡಿಸಿ, ಒಂದೊಂದು ಎಳೆಯಾಗಿ ಮತ್ತೆ ನೆಡಬಹುದು. ಕಡಿಮೆ ಇದ್ದವರಿಗೆ ಹೀಗೆ ವಾಪಸು ಸಿಕ್ಕ ಬುಡವೇ ದೊಡ್ಡ ಆಸ್ತಿ. ಕೆಳಗಿಳಿದ ಗೆರೆಯ ಕೂದಲನ್ನು ಲೇಸರಿನಿಂದಲೂ ತೆಗೆಯಬಹುದು, ಆದರೆ ಲೇಸರ್ ಬುಡವನ್ನು ಕೊಲ್ಲುತ್ತದೆ, ಮರುಬಳಕೆಗೆ ಬರುವುದಿಲ್ಲ. ನೇರ ಲೇಸರಿಗೇ ಹೋಗುವ ಡಾಕ್ಟರನ್ನು ‘ಇದನ್ನು ತೆಗೆದು ಬೇರೆಡೆ ನೆಡಲು ಬರುವುದಿಲ್ಲವೇ?’ ಎಂದು ಕೇಳಿ. ಮುಂದಿನ ಸಾಲಿಗೆ ಒಂಟಿ ಕೂದಲಿನ ಗ್ರಾಫ್ಟನ್ನೇ, ಸ್ವಲ್ಪ ಅಂಕುಡೊಂಕಾಗಿ ಇಡಬೇಕು. ದೇವರು ಕೊಟ್ಟ ಹಣೆ ಯಾರಿಗೂ ನೇರ ಗೆರೆಯಲ್ಲಿರುವುದಿಲ್ಲ.

ಕಲೆಯಾದ ಚರ್ಮದಲ್ಲಿ ರಕ್ತ ಸಂಚಾರ ಕಡಿಮೆ, ಆದ್ದರಿಂದ ನೆಟ್ಟದ್ದೆಲ್ಲ ಬದುಕುವುದಿಲ್ಲ. ಅಂಥಲ್ಲಿ ಮೊದಲು ಸ್ವಲ್ಪವೇ ನೆಟ್ಟು, ತಿಂಗಳುಗಟ್ಟಲೆ ಕಾದು, ಬಂದರೆ ಮುಂದುವರಿಯುವುದು ಜಾಣತನ. ಒಂದೇ ದಿನದಲ್ಲಿ ಎಲ್ಲ ಮುಗಿಸುತ್ತೇವೆ ಎಂಬ ಮಾತು ದುರಸ್ತಿಗೆ ಹೊಂದುವುದಿಲ್ಲ. ಹಿಂದಲೆ ಬರಿದಾದವರಿಗೆ ಗಡ್ಡದ ಕೂದಲು ತೆಗೆಯುತ್ತಾರೆ. ಅದು ದಪ್ಪ, ನೆತ್ತಿಗೆ ಸರಿಹೋಗುತ್ತದೆ, ಮುಂದಿನ ಸಾಲಿಗೆ ಸಲ್ಲದು. ಹಚ್ಚೆಯ ಹಾಗೆ ಶಾಯಿ ಚುಕ್ಕೆ ಹಾಕಿ ಬೋಳು ಮರೆಸುವ ಪದ್ಧತಿಯೂ ಇದೆ. ಕೆಲವು ವರ್ಷಗಳಲ್ಲಿ ಮಾಸುತ್ತದೆ, ಮತ್ತೆ ಹಾಕಿಸಬೇಕು.

ಯಾರು ಮಾಡಬಹುದು?

ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರ ಸೆಪ್ಟೆಂಬರ್‌ನಲ್ಲಿ ಕೂದಲು ಕಸಿಗೆ ಮಾರ್ಗಸೂಚಿ ಹೊರಡಿಸಿತು. ಅದರ ಪ್ರಕಾರ ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂಸಿಎಚ್ ಅಥವಾ ಡಿಎನ್‌ಬಿ ಮಾಡಿದವರು, ಚರ್ಮರೋಗದಲ್ಲಿ ಎಂಡಿ ಅಥವಾ ಡಿಎನ್‌ಬಿ ಮಾಡಿ ಶಸ್ತ್ರಕ್ರಿಯೆಯಲ್ಲಿ ತರಬೇತಿ ಪಡೆದವರು ಇದನ್ನು ಮಾಡಬಹುದು. ಕಾರ್ಯಾಗಾರದಲ್ಲಿ ಕುಳಿತು ಅಥವಾ ಯೂಟ್ಯೂಬ್ ನೋಡಿ ಕಲಿತದ್ದು ತರಬೇತಿಯಲ್ಲ ಎಂದೂ ಅದು ಸ್ಪಷ್ಟವಾಗಿ ಹೇಳಿದೆ. ಬಾಯಿ ಮತ್ತು ದವಡೆ ಶಸ್ತ್ರಚಿಕಿತ್ಸೆಯ ಎಂಡಿಎಸ್ ಪದವೀಧರರೂ ಮಾಡಬಹುದೆಂದು ದಂತ ಪರಿಷತ್ತು ಅದೇ ವರ್ಷ ಹೇಳಿತ್ತು. ಈ ಬಗ್ಗೆ ಎರಡೂ ಕಡೆಯವರ ನಡುವೆ ತಕರಾರಿದೆ. ‘ಟ್ರೈಕಾಲಜಿಸ್ಟ್’, ‘ಕಾಸ್ಮೆಟಾಲಜಿಸ್ಟ್’ ಎಂಬ ಬೋರ್ಡು ಮಾತ್ರ ಇದ್ದರೆ ಅದನ್ನು ವೈದ್ಯಕೀಯ ಪದವಿ ಎಂದು ತಿಳಿಯಬೇಡಿ.

ಇದು ಕೂದಲಿನ ಮಾತಷ್ಟೇ ಅಲ್ಲ, ಜೀವದ ಮಾತು. 2016ರಲ್ಲಿ ಚೆನ್ನೈನಲ್ಲಿ ಕಸಿ ಮಾಡಿಸಿಕೊಂಡ 22 ವರ್ಷದ ವೈದ್ಯ ವಿದ್ಯಾರ್ಥಿಯೊಬ್ಬ ತೀರಿಕೊಂಡ. 2025ರಲ್ಲಿ ಕಾನ್ಪುರದಲ್ಲಿ ಕಸಿಯ ನಂತರ ಇಂಜಿನಿಯರ್ ಒಬ್ಬರು ಸತ್ತು ಪೊಲೀಸ್ ಕೇಸಾಯಿತು. ಮರಗಟ್ಟಿಸುವ ಲಿಗ್ನೋಕೇನ್ ಚುಚ್ಚುಮದ್ದಿಗೆ ದೇಹದ ತೂಕಕ್ಕೆ ತಕ್ಕ ಮಿತಿಯಿದೆ. ಮಿತಿ ಮೀರಿದರೆ ಹೃದಯಕ್ಕೂ ಮೆದುಳಿಗೂ ಅಪಾಯ. ಆಮ್ಲಜನಕ, ತುರ್ತು ಔಷಧಿ, ಹತ್ತಿರದ ಐಸಿಯು ಇವೆಯೇ ಎಂದು ನೋಡದೆ ಮಲಗಬೇಡಿ.

ಡಾಕ್ಟರ ಹೆಸರು ಮತ್ತು ನೋಂದಣಿ ಸಂಖ್ಯೆ ಕೇಳಿ ಪಡೆಯಿರಿ. ವೈದ್ಯಕೀಯ ಆಯೋಗದ ವೆಬ್‌ಸೈಟಿನಲ್ಲಿ ಇಡೀ ದೇಶದ ವೈದ್ಯರ ಪಟ್ಟಿ ಇದೆ. ಅವರು ನೋಂದಾಯಿಸಿದ ರಾಜ್ಯದ ವೈದ್ಯಕೀಯ ಪರಿಷತ್ತಿನಲ್ಲಿ ಎಂಡಿ, ಎಂಸಿಎಚ್ ದಾಖಲಾಗಿದೆಯೇ ನೋಡಿ. ಆಸ್ಪತ್ರೆಯದೂ ನೋಂದಣಿ ಬೇರೆ ಇರುತ್ತದೆ. ಕರ್ನಾಟಕದಲ್ಲಿ ಅದು 2007ರ ಕೆಪಿಎಂಇ ಕಾಯಿದೆಯಡಿ, ಕೇರಳದಲ್ಲಿ 2018ರ ಕ್ಲಿನಿಕಲ್ ಎಸ್ಟಾಬ್ಲಿಷ್‌ಮೆಂಟ್ಸ್ ಕಾಯಿದೆಯಡಿ.

ನಂತರದ ಪ್ರಶ್ನೆ: ಕೈ ಯಾರದು? ಬೋರ್ಡಿನಲ್ಲಿ ದೊಡ್ಡ ಡಾಕ್ಟರ ಹೆಸರು, ಕೆಲಸ ಮಾತ್ರ ಟೆಕ್ನಿಷಿಯನ್ ಹುಡುಗರದ್ದು. ಮೊದಲ ಕಸಿ ಕೆಡಲು ಇದೇ ಕಾರಣವಾಗಿರುವುದು ಉಂಟು. ಗ್ರಾಫ್ಟ್ ಬಿಡಿಸುವುದು, ಎಣಿಸುವುದು ಸಹಾಯಕರು ಮಾಡಲಿ. ಹಿಂದಲೆಯಿಂದ ತೆಗೆಯುವುದು ಮತ್ತು ಮುಂದೆ ರಂಧ್ರ ಕೊರೆಯುವುದು, ಅಂದರೆ ಕೂದಲಿನ ಕೋನ ನಿಶ್ಚಯಿಸುವ ಕೆಲಸ, ಡಾಕ್ಟರೇ ಮಾಡುತ್ತಾರೆ ಎಂದು ಬರೆಸಿಕೊಳ್ಳಿ. ಅದೇ ದಿನ ಎಷ್ಟು ಜನರಿಗೆ ಆಪರೇಷನ್ ಇದೆ ಎಂದೂ ಕೇಳಿ. ಅವರ ಕೈಯಲ್ಲಿ ದುರಸ್ತಿಯಾದವರ ಫೋಟೋ ತೋರಿಸಲಿ, ಹೊಸ ಕಸಿಯವರದ್ದಲ್ಲ. ಒದ್ದೆ ಕೂದಲು ಹಿಂದಕ್ಕೆ ಬಾಚಿ, ಒಂದೇ ಬೆಳಕಿನಲ್ಲಿ ತೆಗೆದದ್ದಾಗಿರಲಿ. ಸಾಧ್ಯವಾದರೆ ಅಂಥ ಒಬ್ಬರೊಡನೆ ಮಾತನಾಡಿಸಲಿ.

ಕನಿಷ್ಠ ಇಬ್ಬರ ಅಭಿಪ್ರಾಯ ಬೇಕು. ಒಬ್ಬರು ನಿಮ್ಮಿಂದ ಏನೂ ಗಳಿಸದವರಾಗಿದ್ದರೆ ಒಳ್ಳೆಯದು. ಮಿರಜ, ಸೊಲ್ಲಾಪುರ, ಬಳ್ಳಾರಿ, ಮೈಸೂರು, ಕಣ್ಣೂರಿನ ಪರಿಯಾರಂ ಸರ್ಕಾರಿ ವೈದ್ಯಕೀಯ ಕಾಲೇಜುಗಳ ಚರ್ಮ ವಿಭಾಗದ ಹೊರರೋಗಿ ಚೀಟಿಗೆ ಹೆಚ್ಚು ಖರ್ಚಿಲ್ಲ. ಭಾಷೆಯೂ ಅಷ್ಟು ಅಡ್ಡಿಯಾಗುವುದಿಲ್ಲ.

ಕಾಗದ, ಹಣ, ದೂರು

ದುರಸ್ತಿಗೆ ಮೊದಲೇ ಹಳೆಯ ದಾಖಲೆ ತರಿಸಿಕೊಳ್ಳಿ. 2002ರ ವೈದ್ಯಕೀಯ ನೀತಿ ನಿಯಮದಂತೆ ರೋಗಿ ಕೇಳಿದ 72 ಗಂಟೆಗಳಲ್ಲಿ ದಾಖಲೆ ಕೊಡಬೇಕು. ಎಷ್ಟು ಗ್ರಾಫ್ಟ್, ಎಲ್ಲಿಂದ, ಯಾವ ಪಂಚಿನಿಂದ ಎಂಬುದು ಎರಡನೇ ಡಾಕ್ಟರಿಗೆ ಬೇಕು. ಕೂದಲು ಕಸಿಗೆ ಜಿಎಸ್‌ಟಿ ವಿನಾಯಿತಿ ಇಲ್ಲ, ಆದ್ದರಿಂದ ‘ಬಿಲ್ಲು ಬೇಡವೆಂದರೆ ಕಡಿಮೆ’ ಎಂಬ ಮಾತಿಗೆ ಮರುಳಾಗಬೇಡಿ. ಒಪ್ಪಿಗೆ ಪತ್ರ ನಿಮಗೆ ಓದಲು ಬರುವ ಭಾಷೆಯಲ್ಲಿ ಇರಲಿ. ಇಲ್ಲವಾದರೆ ಓದಿ ಹೇಳಿಸಿಕೊಂಡು, ಯಾರು ಓದಿ ಹೇಳಿದರೆಂದು ಅದರಲ್ಲೇ ಬರೆಸಿ.

ಫಲ ಕೆಟ್ಟಿತು ಎಂಬುದೊಂದೇ ನಿರ್ಲಕ್ಷ್ಯಕ್ಕೆ ಸಾಕ್ಷಿಯಾಗುವುದಿಲ್ಲ. ಇನ್ನೊಬ್ಬ ಡಾಕ್ಟರ ಲಿಖಿತ ಅಭಿಪ್ರಾಯ ಬೇಕಾಗುತ್ತದೆ. ದುರಸ್ತಿಯಾದ ತಲೆ ಹಳೆಯ ತಪ್ಪನ್ನು ತೋರಿಸುವುದಿಲ್ಲ. ಹಾಗಾಗಿ ಅಭಿಪ್ರಾಯ ಪತ್ರ ಮತ್ತು ತಾರೀಖು ಇರುವ ಫೋಟೋಗಳನ್ನು ಎರಡನೇ ಆಪರೇಷನ್ನಿಗೆ ಮುಂಚೆಯೇ ಮಾಡಿಸಿ.

2019ರ ಗ್ರಾಹಕ ಸಂರಕ್ಷಣಾ ಕಾಯಿದೆ ಗಡಿಯವರಿಗೆ ದೊಡ್ಡ ಅನುಕೂಲ ಮಾಡಿದೆ. ಕ್ಲಿನಿಕ್ ಎಲ್ಲೇ ಇರಲಿ, ದೂರನ್ನು ನೀವು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ಕೊಡಬಹುದು. ಬೆಂಗಳೂರಿನಲ್ಲಿ ಮಾಡಿಸಿಕೊಂಡ ಹೊಸೂರಿನವರು ಕೃಷ್ಣಗಿರಿಯಲ್ಲಿ, ಮಂಗಳೂರಿನಲ್ಲಿ ಮಾಡಿಸಿಕೊಂಡ ಮಂಜೇಶ್ವರದವರು ಕಾಸರಗೋಡಿನಲ್ಲಿ. ಎರಡು ವರ್ಷದೊಳಗೆ ಕೊಡಬೇಕು. ಕ್ಲಿನಿಕ್ಕಿಗೆ ಕೊಟ್ಟ ಹಣ 5 ಲಕ್ಷದವರೆಗಿದ್ದರೆ ಶುಲ್ಕವಿಲ್ಲ. ಕಸಿಯ ಫಲಕ್ಕೆ ಕಾಯುವುದರಲ್ಲೇ ಒಂದು ವರ್ಷ ಹೋಗಿರುತ್ತದೆ ಎಂಬುದು ನೆನಪಿರಲಿ. ಮಾಹಿತಿಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಗಲ್ಫಿನಲ್ಲಿ ದುಡಿಯುತ್ತ ಇಸ್ತಾಂಬುಲ್‌ಗೆ ಹೋಗಿ ಕಸಿ ಮಾಡಿಸಿಕೊಂಡು ಬಂದವರಿಗೆ ಮಾತ್ರ ಇಲ್ಲಿನ ಆಯೋಗದಿಂದ ಪರಿಹಾರ ಸಿಗುವುದು ಕಷ್ಟ.