ಕುಕೀಯ ಉಗಮ ಹಾಗೂ ದುರ್ಗದ ಸೀಮೆಯಲ್ಲಿ ಅದರ ಬಳಕೆ

ಗಣಕಯಂತ್ರದ ಉಪಕರಣಗಳು ಚರಿತ್ರೆಯ ಅಭ್ಯಾಸಕ್ಕೆ ವಸ್ತುವಾಗಬಲ್ಲವೇ ಎಂಬ ಸಂದೇಹ ಕೆಲವು ವಾಚಕರಿಗೆ ಬರಬಹುದು. ಆದರೆ ಪ್ರಜೆಯನ್ನು ಗುರುತಿಸುವ ಕ್ರಮವೂ ಅವನ ಲೆಕ್ಕವನ್ನಿಡುವ ಕ್ರಮವೂ ಬದಲಾದಾಗ ಆಡಳಿತದ ಚರಿತ್ರೆಯೂ ಹೊಸ ತಿರುವನ್ನು ಪಡೆಯುತ್ತದೆಂಬುದು ವಿದಿತವೇ ಆಗಿದೆ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ತಾಲ್ಲೂಕುಗಳಲ್ಲಿ ಇಂದು ಅಂತಹ ತಿರುವು ಸೈಬರ್ ಕೇಂದ್ರದ ಮೇಜಿನ ಮುಂದೆ ನಡೆಯುತ್ತಿದೆ. ಅದರ ಮೂಲದಲ್ಲಿರುವ, ಕುಕೀ ಎಂದು ಕರೆಯಲ್ಪಡುವ ಸಣ್ಣ ಬರಹದ ಉಗಮವನ್ನೂ ಉಪಯೋಗವನ್ನೂ ಪ್ರಕೃತ ಪ್ರಬಂಧದಲ್ಲಿ ವಿವೇಚಿಸಲು ಯತ್ನಿಸಿದ್ದೇವೆ.

ಹಿಂದೆ ಗ್ರಾಮದ ಜ್ಞಾಪಕವೆಲ್ಲ ಶಾನುಭೋಗನಲ್ಲಿ ನೆಲಸಿತ್ತು. ಮಸಿ ಲೇಪಿಸಿದ ಬಟ್ಟೆಯ ಕಡತದ ಮೇಲೆ ಬಳಪದಿಂದ ಬರೆದ ಲೆಕ್ಕ ಅದರಲ್ಲಿ ಒಂದು ಪಾಲು. ಮುಖ ಕಂಡೊಡನೆ ಇವನು ಇಂಥವನ ಮಗ, ಇಂಥ ಹೊಲದ ಒಡೆಯ ಎಂದು ಅರಿಯುವ ಪರಿಚಯ ಇನ್ನೊಂದು ಪಾಲು. ಈ ಪರಿಚಯವು ಪಕ್ಷಪಾತಕ್ಕೂ ಎಡೆಗೊಡುತ್ತಿತ್ತೆಂಬುದನ್ನು ಮರೆಯಲಾಗದು. 1961ರ ಗ್ರಾಮಾಧಿಕಾರ ರದ್ದಿಯಾತಿ ಶಾಸನವು 1963ರಲ್ಲಿ ಜಾರಿಗೆ ಬಂದು ವಂಶಪಾರಂಪರ್ಯದ ಶಾನುಭೋಗಿಕೆ ಕೊನೆಗೊಂಡಿತು. ಈ ಶತಮಾನದ ಆರಂಭದಲ್ಲಿ ‘ಭೂಮಿ’ ಯೋಜನೆಯು ರಾಜ್ಯದ ಸುಮಾರು 67 ಲಕ್ಷ ಹಿಡುವಳಿದಾರರ 2 ಕೋಟಿ ಪಹಣಿಗಳನ್ನು ಗಣಕಕ್ಕೆ ಏರಿಸಿದಾಗ ಕಡತದ ಸ್ಥಾನಕ್ಕೆ ಸರ್ವರ್ ಬಂದಿತು. (ಈ ಪದವು ನಮ್ಮ ಸೀಮೆಯಲ್ಲಿ ಪರಕೀಯವಾಗಿ ಉಳಿದಿಲ್ಲ, ‘ಸರ್ವರ್ ಇಲ್ಲ’ ಎಂಬ ಒಂದು ಮಾತಿಗೆ ಎಷ್ಟು ಮಂದಿ ಬರಿಗೈಯಲ್ಲಿ ಊರಿಗೆ ಮರಳಿದ್ದಾರೋ!) ಲೆಕ್ಕಕ್ಕೆ ಅದು ಸಮರ್ಥ, ಮುಖಪರಿಚಯಕ್ಕೆ ಮಾತ್ರ ಅಸಮರ್ಥ. ಜಾಲದ ಸಂಭಾಷಣೆಯ ನಿಯಮವಾದ ಎಚ್‌ಟಿಟಿಪಿಯಲ್ಲಿ ಪ್ರತಿಯೊಂದು ಕೋರಿಕೆಯೂ ಹಿಂದಿನದರ ನೆನಪಿಲ್ಲದೆ ಬರುತ್ತದೆ. ಕ್ಷಣದ ಹಿಂದೆ ಗುಪ್ತಪದ ನೀಡಿ ಒಳಬಂದವನು ಮುಂದಿನ ಪುಟವನ್ನು ಕೇಳುವಾಗ ಮರಳಿ ಅಪರಿಚಿತನೇ.

ಈ ಮರೆವಿಗೆ ಪರಿಹಾರವನ್ನು ಕಲ್ಪಿಸಿದವನು ಅಮೆರಿಕದ ನೆಟ್‌ಸ್ಕೇಪ್ ಸಂಸ್ಥೆಯ ಲೂ ಮೊಂಟುಲ್ಲಿ, ಕಾಲ 1994. ಎಂಸಿಐ ಎಂಬ ದೂರವಾಣಿ ಸಂಸ್ಥೆಗೆ ಜಾಲದ ಅಂಗಡಿಯೊಂದು ಬೇಕಾಗಿತ್ತು. ಗಿರಾಕಿಯು ಅರ್ಧದಲ್ಲಿ ಬಿಟ್ಟ ವ್ಯಾಪಾರದ ವಿವರವನ್ನು ತನ್ನ ಯಂತ್ರಗಳಲ್ಲಿ ಕಾಪಾಡಲು ಅದಕ್ಕೆ ಇಷ್ಟವಿರಲಿಲ್ಲ. ಆಗ ಮೊಂಟುಲ್ಲಿಯು ನೆನಪಿನ ಭಾರವನ್ನು ಗಿರಾಕಿಯ ಬ್ರೌಸರಿಗೇ ಹೊರಿಸಿದನು. ಯೂನಿಕ್ಸ್ ಬಳಗದಲ್ಲಿ ರೂಢಿಯಲ್ಲಿದ್ದ ‘ಮ್ಯಾಜಿಕ್ ಕುಕೀ’ ಎಂಬ ಮಾತಿನಿಂದ ಹೆಸರು ಬಂದಿತು. ಸರ್ವರ್ ತನ್ನ ಉತ್ತರದೊಡನೆ ‘ಸೆಟ್-ಕುಕೀ’ ಎಂಬ ಸಾಲಿನಲ್ಲಿ ಒಂದು ಚೀಟಿಯನ್ನು ಕೊಡುತ್ತದೆ. ಬ್ರೌಸರ್ ಅದನ್ನು ಇಟ್ಟುಕೊಂಡು ಮುಂದಿನ ಪ್ರತಿ ಕೋರಿಕೆಯೊಡನೆ ಹಿಂದಕ್ಕೆ ತೋರಿಸುತ್ತದೆ.

ಈ ಚೀಟಿಯು ಪುಟದ ಒಡಲಿನಲ್ಲಿರದೆ ಅದರ ಮುಂಚಿನ ಒಕ್ಕಣೆಯಲ್ಲಿರುತ್ತದೆಂಬುದು ಗಮನಾರ್ಹ. ಇದಕ್ಕೆ ಉದಾಹರಣೆ ನಮ್ಮ ಜಿಲ್ಲೆಯಲ್ಲಿಯೇ ಉಂಟು. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯ ಅಶೋಕಶಾಸನವು ಸುವರ್ಣಗಿರಿಯ ಆರ್ಯಪುತ್ರನೂ ಮಹಾಮಾತ್ರರೂ ಇಸಿಲದ ಮಹಾಮಾತ್ರರ ಆರೋಗ್ಯವನ್ನು ವಿಚಾರಿಸುವ ಒಕ್ಕಣೆಯಿಂದ ಮೊದಲಾಗುತ್ತದೆ. ಇದು ಅಧಿಕಾರಿಗಳ ನಡುವಣ ಮಾತು; ರಾಜಾಜ್ಞೆಯು ಬರುವುದು ಅನಂತರ. ಸಾಮಾನ್ಯವಾಗಿ ಕಾಣದಿರಬೇಕಾದ ಒಕ್ಕಣೆಯೂ ಇಲ್ಲಿ ಕಲ್ಲಿಗೇರಿದ್ದರಿಂದ ಆಡಳಿತದ ವ್ಯವಸ್ಥೆ ನಮಗೆ ತಿಳಿದಿದೆ. ಬ್ರೌಸರಿನಲ್ಲಿ ಅಂತಹ ಒಕ್ಕಣೆಯು ಓದುಗನ ಕಣ್ಣಿಗೆ ಬೀಳುವುದಿಲ್ಲ. ತೊಂದರೆಯ ಬೀಜವೂ ಅಲ್ಲಿಯೇ ಇದೆ.

ಚೀಟಿಯಲ್ಲಿ ಏನನ್ನು ಬರೆಯಬೇಕೆಂಬುದು ಕಾರ್ಯಕ್ರಮ ರಚಿಸುವವನ ವಿವೇಕಕ್ಕೆ ಸೇರಿದ್ದು. ಹೆಸರು, ಸರ್ವೆ ನಂಬರು, ಅಧಿಕಾರ ಇವನ್ನೆಲ್ಲ ಅದರಲ್ಲಿಯೇ ಬರೆದರೆ ಹಿಡಿದವನು ತಿದ್ದಬಲ್ಲನು. ಊಹೆಗೆ ನಿಲುಕದ ಒಂದು ಸಂಖ್ಯೆಯನ್ನು ಮಾತ್ರ ಕೊಟ್ಟು ವಿವರವನ್ನು ಸರ್ವರಿನಲ್ಲಿಯೇ ಇಡುವುದು ಮೇಲು. ‘ಸೆಕ್ಯೂರ್’ ಎಂದು ಗುರುತಿಸಿದ ಕುಕೀ ಗೂಢಲಿಪಿಯ ಹಾದಿಯಲ್ಲಿ ಮಾತ್ರ ಸಾಗುತ್ತದೆ. ಮೈಕ್ರೋಸಾಫ್ಟ್ 2002ರಲ್ಲಿ ತಂದ ‘ಎಚ್‌ಟಿಟಿಪಿ-ಓನ್ಲಿ’ ಗುರುತು ಅದನ್ನು ಪುಟದೊಳಗಿನ ಸ್ಕ್ರಿಪ್ಟಿನಿಂದ ಮರೆಮಾಡುತ್ತದೆ.

ಜಾಹೀರಾತುದಾರರು ಈ ಚೀಟಿಯನ್ನು ಹಿಂಬಾಲಿಕೆಗೆ ಬಳಸಿಕೊಂಡರು. 1997ರ ಫೆಬ್ರವರಿಯ ಪ್ರಥಮ ನಿಯಮಾವಳಿಯು ಇತರ ತಾಣಗಳ ಕುಕೀಗಳನ್ನು ತಡೆಯಬೇಕೆಂದಿತು. ಪ್ರಮುಖ ಬ್ರೌಸರುಗಳು ಅದನ್ನು ಪಾಲಿಸಲಿಲ್ಲ. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ ಖಾಸಗಿತನವು ಮೂಲಭೂತ ಹಕ್ಕೆಂದು ಸರ್ವೋಚ್ಚ ನ್ಯಾಯಾಲಯವು ಸಾರಿದ್ದು 2017ರ ಆಗಸ್ಟ್ 24ರಂದು. ವೈಯಕ್ತಿಕ ದತ್ತಾಂಶದ ಶಾಸನವಾದದ್ದು 2023ರಲ್ಲಿ.

ಇವೆಲ್ಲಕ್ಕಿಂತ ನಮ್ಮ ಸೀಮೆಗೆ ಹತ್ತಿರವಾದ ಸಂಗತಿ ಬೇರೊಂದಿದೆ. ಕುಕೀ ಗುರುತಿಸುವುದು ಮನುಷ್ಯನನ್ನಲ್ಲ, ಬ್ರೌಸರನ್ನು. ಒಬ್ಬನಿಗೆ ಒಂದು ಯಂತ್ರವೆಂಬ ಊಹೆಯ ಮೇಲೆ ನಿಂತ ಈ ಏರ್ಪಾಡು, ಒಂದೇ ಯಂತ್ರದ ಮುಂದೆ ಇಪ್ಪತ್ತು ಮಂದಿ ಸಾಲುಗಟ್ಟುವೆಡೆಯಲ್ಲಿ ಕೆಡುತ್ತದೆ. ಹೊಸದುರ್ಗದ ಮುದುಕಿಯೊಬ್ಬಳು ಪಿಂಚಣಿಯ ಅರ್ಜಿ ಮುಗಿಸಿ ಲಾಗ್‌ಔಟ್ ಆಗದೆ ಎದ್ದುಹೋದರೆ, ಮುಂದೆ ಕುಳಿತವನನ್ನು ಸರ್ವರ್ ಆಕೆಯೆಂದೇ ಭಾವಿಸುತ್ತದೆ. ಶಾನುಭೋಗನು ಬೇರೆ ಎಷ್ಟೇ ತಪ್ಪು ಮಾಡಿದರೂ ಈ ತಪ್ಪನ್ನು ಮಾಡುತ್ತಿರಲಿಲ್ಲ. ಆದುದರಿಂದ ಇಲ್ಲಿಯ ಜನರಿಗಾಗಿ ಜಾಲತಾಣ ಕಟ್ಟುವವರು ಚೀಟಿಯ ಅವಧಿಯನ್ನು ದಿನಗಳಲ್ಲಲ್ಲ, ನಿಮಿಷಗಳಲ್ಲಿ ಎಣಿಸತಕ್ಕದ್ದು. ಲಾಗ್‌ಔಟ್ ಒತ್ತಿದಾಗ ಬ್ರೌಸರಿನ ಚೀಟಿಯನ್ನಷ್ಟೇ ಅಲ್ಲದೆ ಸರ್ವರಿನಲ್ಲಿರುವ ಅದರ ಜೋಡಿ ದಾಖಲೆಯನ್ನೂ ಅಳಿಸತಕ್ಕದ್ದು. ಕೇಂದ್ರ ನಡೆಸುವವರ ಕೈಯಲ್ಲಿಯೂ ಒಂದು ಉಪಾಯವಿದೆ. ಪ್ರತಿಯೊಬ್ಬರಿಗೂ ಬ್ರೌಸರಿನ ಖಾಸಗಿ ಕಿಟಕಿಯನ್ನು ಹೊಸದಾಗಿ ತೆರೆದು, ಅವರು ಏಳುವ ಮುನ್ನ ಅಂತಹ ಕಿಟಕಿಗಳೆಲ್ಲವನ್ನೂ ಮುಚ್ಚಿದರೆ ಅವುಗಳಲ್ಲಿ ಸೇರಿದ್ದ ಕುಕೀಗಳು ಅವರೊಡನೆಯೇ ಇಲ್ಲವಾಗುತ್ತವೆ.